ತೂತಿನ ಶಾವಿಗೆ

ಟೊಮೇಟೊ ಹಣ್ಣಿನಷ್ಟು ಚಂಚಲ ಸ್ವಭಾವದ ತರಕಾರಿ ಇನ್ನೊಂದಿಲ್ಲ. ಬದನೆ, ಹೀರೆ, ಸವತೆಗಳ ಬೆಲೆಯೂ ಏರುತ್ತದೆ, ಇಳಿಯುತ್ತದೆ. ಆದರೆ ಅವುಗಳ ಏರಿಳಿತದಲ್ಲಿ ಒಂದು ಗೃಹಸ್ಥಧರ್ಮವುಂಟು. ಟೊಮೇಟೊ ಹಾಗಲ್ಲ. 2023ರ ಜುಲೈ ತಿಂಗಳಲ್ಲಿ ಅದು ಕಿಲೋ ಒಂದಕ್ಕೆ ನೂರು ರೂಪಾಯಿ ದಾಟಿ ಕುಳಿತಾಗ ನಮ್ಮ ಬೀದಿಯ ಸಾರುಗಳೆಲ್ಲ ಮತ್ತೆ ಹುಣಿಸೆಹಣ್ಣಿನ ಕಾಲಿಗೆ ಬಿದ್ದುವು. ಇನ್ನೊಂದು ವರ್ಷ ಅದೇ ಹಣ್ಣು ಹೊಲದ ಬದುವಿನಲ್ಲಿ ರಾಶಿ ಬಿದ್ದಿರುತ್ತದೆ. ದನಗಳು ಮೂಸಿ ನೋಡಿ ಮುಂದೆ ಹೋಗುತ್ತವೆ. ಕೊಳ್ಳುವವನ ಅಳು ಮುಖಪುಟಕ್ಕೆ ಬರುತ್ತದೆ. ಬೆಳೆದವನ ಅಳು ಬಂದರೆ ಒಳಪುಟದ ನಾಲ್ಕು ಸಾಲಿಗೆ.

ನಾನಿರುವುದು ಕೊಟ್ಟೂರಿನಲ್ಲಿ. ಶಾಸನಗಳು ‘ಕೋಗಳಿ ಐನೂರು’ ಎಂದು ಕರೆದ ನಾಡು ನಮ್ಮದು. ಆ ಕೋಗಳಿ ಇಂದು ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. ನಾಡು 2021ರಿಂದ ವಿಜಯನಗರ ಜಿಲ್ಲೆಗೆ ಸೇರಿದೆ. ಹೆಸರು ಬದಲಾದರೂ ಮಳೆಯ ಜಿಪುಣತನ ಬದಲಾಗಿಲ್ಲ. ಜೋಳ, ಶೇಂಗಾ, ಮೆಕ್ಕೆಜೋಳ ನಂಬಿದವರು ಮುಗಿಲು ನೋಡುತ್ತಾರೆ. ಕೊಳವೆಬಾವಿಯಲ್ಲಿ ನಾಲ್ಕು ಹನಿ ಇದ್ದವರು ಮಸಾರಿ ನೆಲದಲ್ಲಿ ಟೊಮೇಟೊ ಹಚ್ಚಿ ಮಾರುಕಟ್ಟೆಯ ಮೋರೆ ನೋಡುತ್ತಾರೆ.

ಅಂಥವರೊಬ್ಬರು ಒಂದು ಬೇಸಗೆಯ ಸಂಜೆ ನಮ್ಮ ಮನೆಗೆ ಬಂದರು. ಅವರ ಮಗಳು ಬಿ.ಎ. ತರಗತಿಯಲ್ಲಿ ನನ್ನ ವಿದ್ಯಾರ್ಥಿನಿ. ಪರೀಕ್ಷೆಯ ಫೀಜು ಕಟ್ಟಲು ಇನ್ನು ಎರಡೇ ದಿನವಿತ್ತು. ಸವಾಲಿನಲ್ಲಿ ಪೆಟ್ಟಿಗೆಗೆ ಅರವತ್ತು ರೂಪಾಯಿ ಕೂಗಿದರಂತೆ. ಬಿಡಿಸಿದ ಕೂಲಿ, ಲಾರಿಯ ಬಾಡಿಗೆ, ಕಮಿಷನ್ನು ಕಳೆದರೆ ಕೈಗೆ ಬರುವುದು ಟವಲಿನ ಧೂಳು ಮಾತ್ರ. ಮಾರದೆ ಉಳಿದ ಒಂದು ಪೆಟ್ಟಿಗೆಯನ್ನು ನಮ್ಮ ಪಡಸಾಲೆಯಲ್ಲಿಟ್ಟು, “ಗುರುಗಳ, ಹದಿನೈದು ದಿನ ಟೈಮ್ ಕೊಡಸ್ರಿ” ಎಂದರು.

ನನ್ನಾಕೆ ಹಣ್ಣಿನ ಹಣ ಕೊಡಹೋದಳು. ಅವರು ಎರಡು ಹೆಜ್ಜೆ ಹಿಂದೆ ಸರಿದು, “ತಿಪ್ಪಿಗೆ ಹಾಕೋವಕ್ಕ ರೊಕ್ಕ ಹ್ಯಾಂಗ ತಗೊಳ್ಳಿ, ಅಕ್ಕಾರ?” ಎಂದುಬಿಟ್ಟರು. ಬೆಲೆಯಿಲ್ಲದ ವಸ್ತುವನ್ನು ಕೊಡುವವನ ಸ್ವಾಭಿಮಾನ ಬಹಳ ನಾಜೂಕಾದುದು. ಅದಕ್ಕೆ ನಾಣ್ಯದಲ್ಲಿ ಉತ್ತರವಿಲ್ಲ. “ಹಂಗಾದ್ರ ಅಣ್ಣಾರ, ನಾಳೆ ಸಂಜೀಕ ಮನೀಮಂದಿ ಎಲ್ಲಾ ಉಣ್ಣಾಕ ಬರ್ರಿ” ಎಂದು ಅವಳು ಉತ್ತರವನ್ನು ಅಡಿಗೆಮನೆಯಿಂದ ಕೊಟ್ಟಳು.

ಪೆಟ್ಟಿಗೆ ಟೊಮೇಟೊದಲ್ಲಿ ಮಾಡುವುದೇನು? ಸಾರಿಗೆ ನಾಲ್ಕು, ಚಟ್ನಿಗೆ ಆರು, ಉಳಿದುದು? ಬೆಂಗಳೂರಿನ ಹಾಸ್ಟೆಲಿನಿಂದ ರಜಕ್ಕೆ ಬಂದಿದ್ದ ಮಗಳ ಚೀಲದಲ್ಲಿ ಅರ್ಧ ಕಿಲೋ ಮ್ಯಾಕರೋನಿಯ ಪೊಟ್ಟಣವಿತ್ತು. ತಾಜಾ ಹಣ್ಣು ಹಾಕಿ ಒಲೆಯೊಳಗಿಟ್ಟು ಬೇಯಿಸುವ ಪಾಸ್ತಾ ಮಾಡೋಣವೆಂದಳು. ಅದಕ್ಕೊಂದಕ್ಕೇ ಎರಡು ಕಿಲೋ ಹಣ್ಣು ಹಿಡಿಸುತ್ತದೆ ಎಂಬ ಮಾತೇ ತಾಯಿಗೆ ಒಪ್ಪಿಗೆಯಾಯಿತು.

ಮಾಡುವ ಕ್ರಮ ಕಠಿಣವಲ್ಲ, ತಾಳ್ಮೆಯದು. ಹಣ್ಣಿನ ಬುಡದಲ್ಲಿ ಕತ್ತರಿಗೀರು ಹಾಕಿ, ಕುದಿಯುವ ನೀರಿನಲ್ಲಿ ಅರ್ಧ ನಿಮಿಷ ಅದ್ದಿ ತಣ್ಣೀರಿಗೆ ಬಿಟ್ಟರೆ ಸಿಪ್ಪೆ ತಾನಾಗಿ ಜಾರುತ್ತದೆ. ಈರುಳ್ಳಿ, ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಬಾಡಿಸಿ, ಹಣ್ಣನ್ನು ಕಿವುಚಿ ಹಾಕಿ, ಉಪ್ಪು, ಮೆಣಸು, ಹುಳಿ ಮುರಿಯಲು ಚೂರು ಬೆಲ್ಲ ಸೇರಿಸಿ ಕುದಿಸಬೇಕು. ಟೊಮೇಟೊದಲ್ಲಿ ನೂರಕ್ಕೆ ತೊಂಬತ್ತನಾಲ್ಕು ಪಾಲು ನೀರೇ. ಆ ನೀರನ್ನು ಇಲ್ಲಿ ಓಡಿಸದಿದ್ದರೆ ಅದು ತಟ್ಟೆಯಲ್ಲಿ ಬಂದು ನಿಲ್ಲುತ್ತದೆ. ಮುಕ್ಕಾಲು ಗಂಟೆ ಕುದಿದ ಮೇಲೆ ಎರಡು ಕಿಲೋ ಹಣ್ಣಿನಿಂದ ಉಳಿದದ್ದು ಒಂದು ಬೋಗುಣಿ ಗೊಜ್ಜು. ಸೌಟು ತಿರುವುತ್ತಿದ್ದ ನನಗೆ ರೈತನ ವರ್ಷದ ಲೆಕ್ಕವೂ ಹೀಗೆಯೇ ಬತ್ತುವುದಲ್ಲವೇ ಎನಿಸಿತು. ಒಂದೇ ಭೇದ—ಅಲ್ಲಿ ಕೊನೆಗೆ ಬೋಗುಣಿಯೂ ತುಂಬುವುದಿಲ್ಲ.

ಮ್ಯಾಕರೋನಿಯನ್ನು ಉಪ್ಪುನೀರಿನಲ್ಲಿ ಮುಕ್ಕಾಲು ಪಾಲು ಮಾತ್ರ ಬೇಯಿಸಬೇಕು; ಉಳಿದ ಕಾಲು ಪಾಲನ್ನು ಅದು ಗೊಜ್ಜನ್ನು ಹೀರಿಕೊಂಡು ಒಲೆಯೊಳಗೆ ಪೂರೈಸಿಕೊಳ್ಳುತ್ತದೆ. ಬೆಣ್ಣೆಯಲ್ಲಿ ಮೈದಾ ಹುರಿದು ಹಾಲು ಬೆರೆಸಿದ ಬಿಳಿ ಗಂಜಿ ಒಂದು ಪದರ, ಕೆಂಪು ಗೊಜ್ಜಿನಲ್ಲಿ ಕಲಸಿದ ಪಾಸ್ತಾ ಒಂದು ಪದರ, ಮೇಲೆ ತುರಿದ ಚೀಸು. ತುದಿಗೆ ಗರಿಗರಿಯಾಗಲು ರೊಟ್ಟಿಯ ಪುಡಿ ಉದುರಿಸಬೇಕೆಂದು ಶಾಸ್ತ್ರ. ಮಂಡಕ್ಕಿಯ ಊರಿನಲ್ಲಿದ್ದು ಆ ಪುಡಿಯನ್ನು ಹುಡುಕುವುದೆ? ಎರಡು ಹಿಡಿ ಮಂಡಕ್ಕಿ ಪುಡಿಮಾಡಿ ಬೆಣ್ಣೆಯಲ್ಲಿ ಹೊರಳಿಸಿ ಹರಡಿದೆವು.

ಮನೆಯಲ್ಲಿ ಓವನ್ ಇಲ್ಲ. ಬೀದಿಯ ಕೊನೆಯ ಬೇಕರಿಯವರು ಸಂಜೆಯ ಬನ್ನು ತೆಗೆದ ಮೇಲೆ ನಮ್ಮ ತಟ್ಟೆಯನ್ನು ಒಳಗೆ ತಳ್ಳಿದರು. ಇಪ್ಪತ್ತೈದು ನಿಮಿಷದಲ್ಲಿ ಅದು ಮೇಲೆಲ್ಲ ಹೊನ್ನಿನ ಬಣ್ಣ ತಿರುಗಿ, ಅಂಚಿನಲ್ಲಿ ಕೆಂಪಗೆ ಕುದಿಯುತ್ತ ಹೊರಬಂದಿತು.

ಅಷ್ಟರಲ್ಲಿ ಅತಿಥಿಗಳು ಬಂದಿದ್ದರು: ತಂದೆ, ತಾಯಿ, ವಿದ್ಯಾರ್ಥಿನಿ, ಅವಳ ತಮ್ಮ, ಅಜ್ಜಿ. ಪರದೇಶದ ಪದಾರ್ಥ ಇವರಿಗೆ ಹಿಡಿಸೀತೆ ಎಂದು ನನ್ನಾಕೆ ಅನ್ನ-ಸಾರನ್ನೂ ಸಿದ್ಧವಾಗಿಟ್ಟಿದ್ದಳು. ಅಜ್ಜಿ ಒಂದು ತುಂಡನ್ನು ಬೆರಳಿನಲ್ಲಿ ಎತ್ತಿ, ಕಣ್ಣಿನ ಹತ್ತಿರ ಹಿಡಿದು, ಆಚೆಯ ದೀಪ ಕಾಣುವುದೇ ಎಂದು ನೋಡಿ, ಬಾಯಿಗಿಟ್ಟು ನಿರ್ಣಯ ಕೊಟ್ಟರು: “ಇದು ಶಾವಿಗೀನ ಐತಲ್ರೀ ಯವ್ವಾ! ತೂತು ಕೊರದಾರ, ಅಷ್ಟ.”

ಕನ್ನಡ ಎಂ.ಎ. ಮಾಡಿದ ನಾನು ಹೇಳಬೇಕಾಗಿದ್ದ ಮಾತನ್ನು ಆಕೆ ಹೇಳಿದ್ದರು. ನಮ್ಮ ಕೋಗಳಿಯನ್ನಾಳಿದ ಕಲ್ಯಾಣ ಚಾಳುಕ್ಯರ ಮೂರನೆಯ ಸೋಮೇಶ್ವರ 12ನೆಯ ಶತಮಾನದ ತನ್ನ ‘ಮಾನಸೋಲ್ಲಾಸ’ದಲ್ಲಿ ‘ಸೇವಿಕೆ’ಯನ್ನು ಹೆಸರಿಸಿದ್ದಾನೆ, ಅದೇ ನಮ್ಮ ಶಾವಿಗೆ. ಅದರಲ್ಲಿಯಾಗಲಿ, 16ನೆಯ ಶತಮಾನದ ಮೊದಲಲ್ಲಿದ್ದ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ದಲ್ಲಿಯಾಗಲಿ ಟೊಮೇಟೊ ಇಲ್ಲ, ಅದು ಅಮೆರಿಕ ಖಂಡದಿಂದ ಆಮೇಲೆ ಹಡಗು ಹತ್ತಿ ಬಂದುದು. ಇಟಲಿಯ ಕಥೆಯೂ ಬೇರೆಯಲ್ಲ. ಅವರು ಶತಮಾನಗಳ ಕಾಲ ಟೊಮೇಟೊ ಇಲ್ಲದೆಯೇ ಪಾಸ್ತಾ ಉಂಡವರು. ನೇಪಲ್ಸಿನ ಕವಾಲ್ಕಾಂಟಿ ತನ್ನ ಅಡಿಗೆಯ ಪುಸ್ತಕದಲ್ಲಿ ಶಾವಿಗೆಗೆ ಟೊಮೇಟೊ ಕೂಡಿಸಿದ್ದು 19ನೆಯ ಶತಮಾನದಲ್ಲಿ. ಶಾವಿಗೆ ಅವರಿಗೂ ಹಳೆಯದು, ನಮಗೂ ಹಳೆಯದು. ಹಣ್ಣು ಇಬ್ಬರಿಗೂ ಹೊಸದು. ಹೀಗಿರುವಾಗ ಪರದೇಶದವರು ಯಾರು?

ಅನ್ನ-ಸಾರು ಹಾಗೆಯೇ ಉಳಿಯಿತು. ಫೀಜಿಗೆ ಪ್ರಿನ್ಸಿಪಾಲರು ಹದಿನೈದು ದಿನದ ಅವಕಾಶ ಕೊಟ್ಟಿದ್ದರು. ಮುಂದೆ ಆ ಹಣ ಹುಟ್ಟಿದ್ದು ಟೊಮೇಟೊದಿಂದಲ್ಲ. ಮನೆಯ ಎರಡು ಆಡುಗಳಿಂದ ಎಂದು ಆಮೇಲೆ ತಿಳಿಯಿತು. ಆ ಸಂಜೆ ಮಾತ್ರ ಯಾರೂ ಫೀಜಿನ ಮಾತೆತ್ತಲಿಲ್ಲ. ತಂದೆ ತಟ್ಟೆಯ ಅಂಚಿಗೆ ಹತ್ತಿದ್ದ ಗೊಜ್ಜನ್ನು ಬೆರಳಿನಿಂದ ಬಳಿಯುತ್ತ ಏನೋ ಲೆಕ್ಕ ಹಾಕುತ್ತಿದ್ದರು.

“ಎಂಟು ಮಂದಿಗೆ ಎರಡು ಕೆ.ಜಿ. ಹಣ್ಣು ಹಿಡೀತಲ್ರೀ, ಗುರುಗಳ. ಊರಾಗ ಎಲ್ಲಾರೂ ವಾರಕ್ಕ ಒಂದಿನ ಇದನ್ನ ಮಾಡಿದ್ರ, ನಮ್ಮ ಮಾಲು ತಿಪ್ಪಿಗೆ ಯಾಕ ಹೋಕ್ಕಾವು?”

ಮಗಳು ತಲೆಯೆತ್ತದೆ ಹೇಳಿದಳು: “ಅವಾಗ ಎಲ್ಲಾರೂ ಟಮಾಟಿನೇ ಹಚ್ತಾರ, ಯಪ್ಪಾ.”

ಅವರು ಒಂದು ಕ್ಷಣ ಅವಳನ್ನೇ ನೋಡಿದರು. ಆಮೇಲೆ ಗಟ್ಟಿಯಾಗಿ ನಕ್ಕು, ನನ್ನ ಕಡೆ ತಿರುಗಿ ಅಂದರು: “ಓದಿಸಿದ್ದು ದಂಡ ಆಗಿಲ್ಲ, ಬಿಡ್ರಿ.”