ಅತ್ತೆಯ ನಿದ್ದೆ

ಅತ್ತೆಯ ಮಧ್ಯಾಹ್ನದ ನಿದ್ದೆಗೆ ಭಂಗ ಬಾರದಂತೆ ಮೂವತ್ತು ವರ್ಷ ಪಾತ್ರೆ ಸದ್ದು ಮಾಡದೆ ತೊಳೆದವಳು ನಾನು. ಅವರನ್ನು ನಿದ್ದೆಗೆ ಹಾಕಲು ನಾನೇ ಸಹಿ ಮಾಡುವ ಪ್ರಸಂಗ ಬಂದೀತೆಂದು ಎಣಿಸಿರಲಿಲ್ಲ.

2023ರ ಮಳೆಗಾಲ. ಅವರಿಗೆ ನ್ಯುಮೋನಿಯಾ. ಯಜಮಾನರು ಊರಲ್ಲಿರಲಿಲ್ಲ. ರಾತ್ರಿ ಭದ್ರಾವತಿಯಿಂದ ಹೊರಟ ಆಂಬುಲೆನ್ಸು ಮಲವಗೊಪ್ಪ ದಾಟಿ ಶಿವಮೊಗ್ಗದ ತುಂಗಾ ಸೇತುವೆಗೆ ಬರುವಷ್ಟರಲ್ಲಿ ಅವರಿಗೆ ಮಾತೇ ನಿಂತಿತ್ತು. ಆಸ್ಪತ್ರೆಯಲ್ಲಿ ನೋಡಿದರೆ ಬಿಪಿ ಎಂಬತ್ತು. ಡ್ಯೂಟಿ ಡಾಕ್ಟರು ನನ್ನ ಮಗಳ ವಯಸ್ಸಿನವಳು. ಅತ್ತೆಯ ಹಲ್ಲಿನ ಸೆಟ್ಟು ತೆಗೆದು ನನ್ನ ಕೈಗಿಟ್ಟು, "ಶ್ವಾಸನಾಳಕ್ಕೆ ಟ್ಯೂಬು ಹಾಕಿ ವೆಂಟಿಲೇಟರಿಗೆ ಜೋಡಿಸಬೇಕಮ್ಮ, ಸಹಿ ಮಾಡಿ" ಎಂದಳು. ಸೆಟ್ಟನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡೆ.

ಹಿಂದಿನ ವರ್ಷ ನನಗೆ ಪಿತ್ತಕೋಶದ ಆಪರೇಷನ್ ಆಗಿತ್ತು. ಹಾಲಿನಂಥ ಮದ್ದು ನರಕ್ಕೆ ಹೋದದ್ದಷ್ಟೇ ನೆನಪು. "ಅದನ್ನೇ ಕೊಡಿ ಡಾಕ್ಟ್ರೇ" ಎಂದೆ.

"ಅದು ಪ್ರೊಪೋಫಾಲ್. ಬಿಪಿ ಇಳಿಸುತ್ತೆ. ನಿಮಗೆ ಇಳಿಯೋಕೆ ಜಾಗ ಇತ್ತು, ಇವರಿಗಿಲ್ಲ."

"ಹಾಗಾದರೆ ನಿದ್ದೆ ಮದ್ದೇ ಬೇಡ."

ಅವಳು ಒಂದು ಕ್ಷಣ ನನ್ನನ್ನೇ ನೋಡಿದಳು. ಟ್ಯೂಬು ಸಲೀಸಾಗಿ ಹೋಗಲು ಸ್ನಾಯುಗಳನ್ನು ಸಡಿಲಿಸುವ ಇನ್ನೊಂದು ಮದ್ದು ಕೊಡುತ್ತಾರಂತೆ. ಆಗ ರೆಪ್ಪೆಯೂ ಅಲುಗದು, ಪ್ರಜ್ಞೆ ಮಾತ್ರ ಹೋಗದು. ನಿದ್ದೆ ಬರಿಸದಿದ್ದರೆ ಅತ್ತೆ ಎಲ್ಲವನ್ನೂ ಅರಿಯುತ್ತ, ಕೂಗಲಾರದೆ ಮಲಗಿರಬೇಕಿತ್ತು. ನನ್ನ ಅಂಗೈ ತಣ್ಣಗಾಯಿತು.

ಉಳಿದವು ಎರಡು. ಎಟೊಮಿಡೇಟ್ ಬಿಪಿಯ ತಂಟೆಗೆ ಅಷ್ಟಾಗಿ ಹೋಗದು. ಆದರೆ ಸೋಂಕಿನೊಡನೆ ಹೋರಾಡುವ ದೇಹಕ್ಕೆ ಬೇಕಾದ ಕಾರ್ಟಿಸಾಲ್ ತಯಾರಾಗುವುದನ್ನು ಕೆಲವು ಗಂಟೆ ತಡೆಯುತ್ತದೆ. ಕೀಟಮಿನ್ ಸಾಮಾನ್ಯವಾಗಿ ಬಿಪಿ ಏರಿಸುತ್ತದೆ. ತೀರಾ ಬಸವಳಿದವರಲ್ಲಿ ಇಳಿಸಲೂಬಹುದು. ಅವಳು ಕೀಟಮಿನ್ ಎಂದಳು, ಕಡಿಮೆ ಡೋಸು. ಬಿಪಿ ಎತ್ತುವ ಔಷಧವನ್ನು ಮೊದಲೇ ಹಚ್ಚಿಸಿದಳು. ಸಹಿ ಮಾಡಿದೆ. ಕೊಟ್ಟ ಮೇಲೂ ಬಿಪಿ ಬಿತ್ತು. ಪರದೆಯ ಈಚೆ ಯಂತ್ರದ ಕೂಗು ಕೇಳುತ್ತ ಸೆರಗಿನ ಗಂಟು ಹಿಡಿದು ನಿಂತೆ. ಎಷ್ಟು ಹೊತ್ತೋ, ಆಮೇಲೆ ಏರಿತು.

ಅನಸ್ತೇಸಿಯಾ ಓದುತ್ತಿರುವ ನನ್ನ ತಂಗಿಯ ಮಗ ಈಚೆಗೆ ಒಂದು ಸುದ್ದಿ ತಂದ. ಅಮೆರಿಕದಲ್ಲಿ ಎರಡು ಸಾವಿರಕ್ಕೂ ಮಿಕ್ಕಿದ ರೋಗಿಗಳಲ್ಲಿ ಈ ಎರಡೇ ಮದ್ದುಗಳನ್ನು ಹೋಲಿಸಿ 2025ರಲ್ಲಿ ಫಲಿತಾಂಶ ಪ್ರಕಟಿಸಿದ್ದಾರಂತೆ. ಸಾವಿನ ಲೆಕ್ಕದಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಬಿಪಿ ಕುಸಿತದಂಥ ತೊಂದರೆ ಕೀಟಮಿನ್‌ನಲ್ಲೇ ಹೆಚ್ಚು. ನನ್ನ ಸಹಿ ನೆನಪಾಗಿ ಹೊಟ್ಟೆ ಕಿವುಚಿತು. ಆದರೆ ಆ ರಾತ್ರಿ ಆ ಹುಡುಗಿಯ ಕೈಯಲ್ಲಿ ಈ ಲೆಕ್ಕ ಎಲ್ಲಿತ್ತು?

ಆರನೆಯ ದಿನ ಟ್ಯೂಬು ತೆಗೆದರು. ಹಾಕಿದ್ದು ಅತ್ತೆಗೆ ಒಂದಿಷ್ಟೂ ನೆನಪಿಲ್ಲ. ಗೊಗ್ಗರು ದನಿಯಲ್ಲಿ ಮೊದಲು ಕೇಳಿದ್ದು: "ನನ್ನ ಹಲ್ಲು ಎಲ್ಲೇ?"