ಆಪ್ತನಾರು?

ಕನ್ನಡದಲ್ಲಿ 'ಆಪ್ತ' ಎಂಬ ಶಬ್ದವು ಬಹುಕಾಲದಿಂದ ಬಳಕೆಯಲ್ಲಿದೆ. ಮನಸ್ಸಿಗೆ ಹತ್ತಿರವಾದವನು, ಕಷ್ಟಸುಖಗಳಲ್ಲಿ ಪಾಲುಗೊಳ್ಳುವವನು, ಮನೆಯ ಗುಟ್ಟನ್ನು ಬಲ್ಲವನು ಆಪ್ತನೆಂದು ಜನರ ಭಾವನೆ. ಮದುವೆಯ ಆಮಂತ್ರಣಪತ್ರಿಕೆಗಳಲ್ಲಿ 'ಆಪ್ತೇಷ್ಟರು' ಎಂದು ಅಚ್ಚಾಗುವುದೂ ಈ ಅರ್ಥದಲ್ಲಿಯೇ. ಆದರೆ ನ್ಯಾಯಶಾಸ್ತ್ರವನ್ನು ಓದಿದವರಿಗೆ ಈ ಶಬ್ದದ ಬೇರೊಂದು ಅರ್ಥವು ಗೊತ್ತು. ಗೌತಮನು ಪ್ರತ್ಯಕ್ಷ, ಅನುಮಾನ, ಉಪಮಾನಗಳ ಬಳಿಕ ಶಬ್ದವನ್ನು ನಾಲ್ಕನೆಯ ಪ್ರಮಾಣವಾಗಿಟ್ಟು, ಆ ಶಬ್ದವು ಆಪ್ತನದಾಗಿರಬೇಕೆಂದು ನಿಯಮಿಸಿದನು. ಅಂತಹ ಆಪ್ತನಾರೆಂಬುದನ್ನು ಭಾಷ್ಯಕಾರನಾದ ವಾತ್ಸ್ಯಾಯನನು ಬಿಡಿಸಿ ಹೇಳಿದ್ದಾನೆ. ವಿಷಯವನ್ನು ಸಾಕ್ಷಾತ್ತಾಗಿ ತಿಳಿದವನೂ, ತಿಳಿದುದನ್ನು ತಿಳಿದಂತೆಯೇ ಹೇಳಬೇಕೆಂಬ ಇಚ್ಛೆಯುಳ್ಳವನೂ ಆಪ್ತನು. ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವಾದುದು. ಇದರಲ್ಲಿ ನಂಟಿನ ಮಾತಿಲ್ಲ, ಸ್ನೇಹದ ಮಾತಿಲ್ಲ, ವಯಸ್ಸಿನ ಮಾತೂ ಇಲ್ಲ.

ಶಾಸ್ತ್ರದ ಆಪ್ತನು ಒಬ್ಬನು, ಮನೆಯ ಆಪ್ತನು ಇನ್ನೊಬ್ಬನು. ಇಬ್ಬರನ್ನೂ ಒಬ್ಬನೆಂದೇ ಎಣಿಸುವುದರಿಂದ ಮೊದಲು ಅಷ್ಟೇನೂ ಕೇಡಿರಲಿಲ್ಲ. ಈ ಕಾಲದಲ್ಲಾದರೋ ಅದರಿಂದ ಪ್ರಾಣಹಾನಿಯೇ ಆಗುತ್ತಿದೆ. ಹೇಗೆಂಬುದನ್ನು ವಿಚಾರಿಸಲು ಮಂಗಳೂರಿಗಿಂತ ತಕ್ಕ ಊರು ಕನ್ನಡನಾಡಿನಲ್ಲಿ ಬೇರೊಂದಿಲ್ಲ. ಏಕೆಂದರೆ ಕನ್ನಡದ ಮೊದಲ ವರ್ತಮಾನಪತ್ರಿಕೆಯು ಹುಟ್ಟಿದುದು ಇಲ್ಲಿಯೇ.

1843ನೆಯ ಇಸವಿಯ ಜುಲೈ 1ನೆಯ ತಾರೀಖು ಬಾಸೆಲ್ ಮಿಷನ್ನಿನ ಹೆರ್ಮನ್ ಮೋಗ್ಲಿಂಗನು 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದನು. ಅದು ಕಲ್ಲಚ್ಚಿನಲ್ಲಿ ಮುದ್ರಿತವಾದ ನಾಲ್ಕು ಪುಟಗಳ ಪಾಕ್ಷಿಕ ಪತ್ರಿಕೆ. ಬೆಲೆ ಒಂದು ದುಡ್ಡು. ಊರ ವರ್ತಮಾನ, ಸರಕಾರದ ಆಜ್ಞೆಗಳು, ಪರರಾಜ್ಯಗಳ ಸುದ್ದಿ, ಸುಬುದ್ಧಿಯ ಕಥೆಗಳು ಅದರಲ್ಲಿ ಬರುತ್ತಿದ್ದವು. ಮರುವರ್ಷ ಅದು ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ'ವೆಂಬ ಹೆಸರನ್ನು ತಾಳಿತು. ಜುಲೈ ಒಂದನ್ನು ಇಂದಿಗೂ ಕರ್ನಾಟಕದಲ್ಲಿ ಪತ್ರಿಕಾ ದಿನವಾಗಿ ಆಚರಿಸುವರು.

ಮೋಗ್ಲಿಂಗನು ಮತಪ್ರಚಾರಕ್ಕಾಗಿ ಜರ್ಮನಿಯಿಂದ ಬಂದವನು. ಮಂಗಳೂರಿನ ಗೃಹಸ್ಥರಿಗೆ ಅವನು ನಂಟನೂ ಅಲ್ಲ, ಕುಲದವನೂ ಅಲ್ಲ. ಅವನ ಉದ್ದೇಶದಲ್ಲಿ ಅನೇಕರಿಗೆ ಶಂಕೆಯೂ ಇದ್ದಿರಬೇಕು. ಆದರೂ ಅವನ ಹಾಳೆಯಲ್ಲಿ ಒಂದು ಗುಣವಿತ್ತು. ಇದನ್ನು ಹೇಳುವವನಾರು, ಎಲ್ಲಿರುವವನು, ಯಾವ ಪ್ರಯೋಜನಕ್ಕಾಗಿ ಹೇಳುವವನು ಎಂಬುದು ಓದುವವನಿಗೆ ತಿಳಿದಿತ್ತು. ಒಪ್ಪುವವನು ಒಪ್ಪಬಹುದಾಗಿತ್ತು, ಒಪ್ಪದವನು ಹೋಗಿ ಕೇಳಬಹುದಾಗಿತ್ತು. ವಾತ್ಸ್ಯಾಯನನ ಒರೆಗಲ್ಲಿಗೆ ಉಜ್ಜಿ ನೋಡಲು ಅಲ್ಲಿ ಒಬ್ಬ ಮನುಷ್ಯನಿದ್ದನು.

ಸುದ್ದಿಯು ಜನಸಮೂಹದಲ್ಲಿ ಹೇಗೆ ಹರಡುವುದೆಂಬುದನ್ನು ಕಳೆದ ಶತಮಾನದಲ್ಲಿ ಅಮೇರಿಕಾದ ಪಂಡಿತರು ಒಂದು ಶಾಸ್ತ್ರವನ್ನಾಗಿಯೇ ಬೆಳೆಸಿದರು. ಮಂಗಳಗಂಗೋತ್ರಿಯ ವಿಶ್ವವಿದ್ಯಾನಿಲಯದಲ್ಲಿಯೂ ಅದನ್ನು ಕಲಿಸುವ ವಿಭಾಗವಿದೆ. ಅದರಲ್ಲಿ ಮೊದಲು ಹೇಳಿಕೊಡುವ ಸೂತ್ರಗಳಲ್ಲೊಂದು ಹೆರಾಲ್ಡ್ ಲಾಸ್ವೆಲ್ಲನು 1948ರಲ್ಲಿ ಹೇಳಿದುದು. ಯಾರು, ಏನನ್ನು, ಯಾವ ಮಾರ್ಗದಿಂದ, ಯಾರಿಗೆ ಹೇಳುವರು, ಅದರಿಂದಾಗುವ ಪರಿಣಾಮವೇನು ಎಂಬ ಐದು ಪ್ರಶ್ನೆಗಳೇ ಆ ಸೂತ್ರ. ಅದೇ ವರ್ಷ ಬೆಲ್ ಟೆಲಿಫೋನ್ ಪ್ರಯೋಗಾಲಯದ ಕ್ಲಾಡ್ ಶಾನನನು ಗಣಿತದ ಮೂಲಕ ಇನ್ನೊಂದು ನಕ್ಷೆಯನ್ನು ರಚಿಸಿದನು. ಮಾತು ಹೊರಡುವ ಮೂಲ, ಕಳುಹಿಸುವ ಯಂತ್ರ, ತಂತಿಯ ದಾರಿ, ದಾರಿಯಲ್ಲಿ ಸೇರುವ ಗದ್ದಲ, ತೆಗೆದುಕೊಳ್ಳುವ ಯಂತ್ರ, ಕೊನೆಯಲ್ಲಿ ಮಾತು ಮುಟ್ಟುವ ಸ್ಥಾನ, ಇವು ಅದರ ಅಂಗಗಳು. ಹೊರಟ ಮಾತು ಗದ್ದಲದಲ್ಲಿ ಕೆಡದೆ ಹೊರಟಂತೆಯೇ ಮುಟ್ಟುವುದೇ ಅವನ ಗುರಿ. ಮಾತಿನ ಅರ್ಥವು ತನ್ನ ಲೆಕ್ಕಕ್ಕೆ ಸೇರಿದುದಲ್ಲವೆಂದು ಅವನೇ ಸ್ಪಷ್ಟವಾಗಿ ಹೇಳಿಬಿಟ್ಟನು.

ಈ ನಕ್ಷೆಯನ್ನು ಇಂದಿನ ಮೊಬೈಲ್ ಸಂದೇಶಕ್ಕೆ ಅನ್ವಯಿಸಿ ನೋಡಿದರೆ ಒಂದು ವಿಚಿತ್ರವು ಕಾಣುವುದು. ಹಿಂದೆ ಹಂಪನಕಟ್ಟೆಯಲ್ಲಿ ಹುಟ್ಟಿದ ಗಾಳಿಮಾತು ಬಂದರಿಗೆ ಮುಟ್ಟುವಷ್ಟರಲ್ಲಿ ನಾಲ್ಕು ರೂಪಗಳನ್ನು ತಾಳುತ್ತಿತ್ತು. ಒಬ್ಬನು ಇಬ್ಬರೆಂದರೆ ಮತ್ತೊಬ್ಬನು ಇಪ್ಪತ್ತೆಂದನು. ಆ ಭೇದವನ್ನು ಕಂಡೇ ವಿವೇಕಿಯು ಶಂಕೆಪಡುತ್ತಿದ್ದನು. ಈಗ ಹಾಗಿಲ್ಲ. ಒಂದು ಸುಳ್ಳು ಸಾವಿರ ಕೈಗಳನ್ನು ದಾಟಿದರೂ ಒಂದಕ್ಷರವೂ ಕೆಡುವುದಿಲ್ಲ. ಶಾನನನ ಗಣಿತಕ್ಕೆ ಇದಕ್ಕಿಂತ ದೊಡ್ಡ ಜಯವಿಲ್ಲ. ಆದರೆ ಹತ್ತು ಕಡೆಯಿಂದ ಅದೇ ಮಾತು ಬಂದಾಗ ಮನಸ್ಸು ಹತ್ತು ಸಾಕ್ಷಿಗಳಿದ್ದಾರೆಂದು ಭ್ರಮಿಸುವುದು. ಸಾಕ್ಷಿಯು ಒಬ್ಬನೇ; ಅವನೂ ಇದ್ದಾನೋ ಇಲ್ಲವೋ ತಿಳಿಯದು. ಲಾಸ್ವೆಲ್ಲನ ಮೊದಲ ಪ್ರಶ್ನೆಗೇ ಇಲ್ಲಿ ಉತ್ತರವಿಲ್ಲ.

ಹಾಗಾದರೆ ಜನರು ನಂಬುವುದೇಕೆ? ಇದಕ್ಕೆ ಉತ್ತರವು ಪಾಲ್ ಲಾಜರ್ಸ್‌ಫೆಲ್ಡ್ ಮೊದಲಾದವರು 1940ರಲ್ಲಿ ಓಹಾಯೋ ಸಂಸ್ಥಾನದ ಈರೀ ಎಂಬ ಸೀಮೆಯಲ್ಲಿ ನಡೆಸಿದ ಪರಿಶೋಧನೆಯಲ್ಲಿ ದೊರೆಯುವುದು. ಅಧ್ಯಕ್ಷರ ಚುನಾವಣೆಯ ಕಾಲದಲ್ಲಿ ಅವರು ಸುಮಾರು 600 ಮತದಾರರನ್ನು ತಿಂಗಳುಗಟ್ಟಲೆ ಮತ್ತೆ ಮತ್ತೆ ವಿಚಾರಿಸಿದರು. ಪತ್ರಿಕೆಯೂ ರೇಡಿಯೋವೂ ಜನರ ಮನಸ್ಸನ್ನು ನೇರವಾಗಿ ತಿರುಗಿಸುವವೆಂಬ ನಂಬಿಕೆಯು ಆಗ ಬಲವಾಗಿತ್ತು. ಪರಿಶೋಧನೆಯು ತೋರಿಸಿದುದು ಬೇರೆ. ಸುದ್ದಿಯು ಮೊದಲು ನೆರೆಹೊರೆಯಲ್ಲಿ ಓದುಬರಹ ಬಲ್ಲ, ನಾಲ್ಕು ಜನ ಮನ್ನಿಸುವ ಕೆಲವರಿಗೆ ಮುಟ್ಟುವುದು. ಉಳಿದವರು ಅವರ ಬಾಯಿಂದ ಕೇಳಿ ನಂಬುವರು. ಸುದ್ದಿಯು ಎರಡು ಮೆಟ್ಟಿಲುಗಳಲ್ಲಿ ಇಳಿಯುವುದೆಂಬ ಈ ಸಿದ್ಧಾಂತವು 1944ರಲ್ಲಿ ಗ್ರಂಥರೂಪವಾಗಿ ಬಂದಿತು.

ಮಂಗಳೂರಿನ ಯಾವ ಮನೆಯಲ್ಲಿಯೂ ಈ ಎರಡನೆಯ ಮೆಟ್ಟಿಲನ್ನು ಕಾಣಬಹುದು. ಸೋದರಮಾವನು ಬೆಳಗಿನ ಕಾಫಿಯ ಹೊತ್ತಿಗೆ ಒಂದು ಸಂದೇಶವನ್ನು ಕಳುಹಿಸುವನು. ಅವನು ಸುಳ್ಳು ಹೇಳುವವನಲ್ಲ. ಮಕ್ಕಳ ಶಾಲೆಯ ಶುಲ್ಕಕ್ಕೆ ನೆರವಾದವನು, ಕಾಯಿಲೆಯಲ್ಲಿ ರಾತ್ರಿಯೆಲ್ಲ ಕುಳಿತವನು. ಅವನ ಮೇಲಿನ ವಿಶ್ವಾಸವು ಅವನು ಕಳುಹಿಸಿದ ಮಾತಿನ ಮೇಲೆಯೂ ಹರಿಯುವುದು. ಆದರೆ ಆ ಮಾತು ಅವನದಲ್ಲ. ಅವನು ಕಂಡುದಲ್ಲ, ಕೇಳಿದುದೂ ಅಲ್ಲ; ಬಂದುದನ್ನು ಬೆರಳಿನಿಂದ ಮುಂದಕ್ಕೆ ತಳ್ಳಿದನು, ಅಷ್ಟೆ. ಈರೀ ಸೀಮೆಯ ಹಿರಿಯನು ಯಾವ ಪತ್ರಿಕೆಯಲ್ಲಿ ಓದಿದೆನೆಂದು ಹೇಳಬಲ್ಲವನಾಗಿದ್ದನು. ಇಲ್ಲಿ ಮೊದಲ ಮೆಟ್ಟಿಲೇ ಕತ್ತಲಲ್ಲಿದೆ. ಮನೆಯ ಆಪ್ತನ ಮುಖವನ್ನು ಹೊತ್ತು ಅಜ್ಞಾತನೊಬ್ಬನು ಒಳಗೆ ಬರುವನು.

ಇದರ ಫಲವು ಎಷ್ಟು ಘೋರವಾಗಬಹುದೆಂಬುದಕ್ಕೆ ಈ ಕರಾವಳಿಗೆ ದೂರವಾದರೂ ಇದೇ ರಾಜ್ಯಕ್ಕೆ ಸೇರಿದ ಬೀದರ ಜಿಲ್ಲೆಯು ಸಾಕ್ಷಿಯಾಗಿದೆ. ಮಕ್ಕಳ ಕಳ್ಳರು ತಿರುಗುತ್ತಿದ್ದಾರೆಂಬ ಸಂದೇಶಗಳು 2018ರಲ್ಲಿ ದೇಶದ ಅನೇಕ ಕಡೆಗಳಲ್ಲಿ ಹಬ್ಬಿದ್ದವು. ಆ ವರ್ಷ ಜುಲೈ 13ರಂದು ಹೈದರಾಬಾದಿನಿಂದ ಬಂದಿದ್ದ ಕೆಲವು ತರುಣರು ದಾರಿಯಲ್ಲಿ ಶಾಲೆಯ ಮಕ್ಕಳಿಗೆ ಚಾಕೊಲೇಟು ಕೊಟ್ಟರು. ಅವರು ಕಳ್ಳರೆಂಬ ಶಂಕೆಯು ಮೊಬೈಲಿನ ಮೂಲಕ ಅವರ ವಾಹನಕ್ಕಿಂತ ಮುಂದಾಗಿ ಮುರ್ಕಿ ಗ್ರಾಮವನ್ನು ಮುಟ್ಟಿತು. ಅಲ್ಲಿ ದಾರಿಗೆ ಅಡ್ಡಕಟ್ಟಿ ನಿಂತ ಜನರ ಹೊಡೆತದಿಂದ ಇಂಜಿನಿಯರನಾದ ಒಬ್ಬ ತರುಣನು ಸತ್ತನು. ಜೊತೆಯವರೂ ತಡೆಯಲು ಹೋದ ಪೊಲೀಸರೂ ಗಾಯಗೊಂಡರು. ಹೊಡೆದವರಲ್ಲಿ ಹಲವರು ತಮ್ಮ ಊರಿನ ಮಕ್ಕಳನ್ನು ಕಾಪಾಡುತ್ತಿದ್ದೇವೆಂದೇ ನಂಬಿದ್ದಿರಬೇಕು. ಆ ನಂಬಿಕೆಯೇ ಈ ಸಂಗತಿಯಲ್ಲಿ ಎಲ್ಲಕ್ಕಿಂತ ಭಯಂಕರವಾದುದು.

ಅದೇ ತಿಂಗಳು ವಾಟ್ಸಾಪಿನವರು ಬೇರೆಡೆಯಿಂದ ಬಂದ ಸಂದೇಶಕ್ಕೆ ಗುರುತು ಹಾಕತೊಡಗಿದರು; ಭಾರತದಲ್ಲಿ ಒಂದು ಸಲಕ್ಕೆ ಐದು ಕಡೆಗಿಂತ ಹೆಚ್ಚಿಗೆ ಕಳುಹಿಸಬಾರದೆಂದು ಮಿತಿಯನ್ನೂ ಗೊತ್ತುಮಾಡಿದರು. ಬಹಳ ಕೈ ದಾಟಿದ ಸಂದೇಶಕ್ಕೆ 2020ರಲ್ಲಿ ಆ ಮಿತಿಯು ಒಂದಕ್ಕೆ ಇಳಿಯಿತು. ಇವು ಒಳ್ಳೆಯ ಉಪಾಯಗಳೇ. ಆದರೆ ಅವು ದಾರಿಯನ್ನು ಇಕ್ಕಟ್ಟು ಮಾಡುವವೇ ಹೊರತು ಕೇಳುವವನ ವಿವೇಕವನ್ನು ಬೆಳೆಸಲಾರವು.

ಆ ವಿವೇಕದ ಪಾಠವು ಈ ಜಿಲ್ಲೆಗೆ ಹೊಸತೇನಲ್ಲ. ಮಳೆಗಾಲದಲ್ಲಿ ನಡೆಯುವ ತಾಳಮದ್ದಳೆಯ ಕೂಟವನ್ನು ನೋಡಬೇಕು. ಸಂಧಾನದ ಪ್ರಸಂಗದಲ್ಲಿ ಕೃಷ್ಣನು ತನ್ನ ಪಕ್ಷವನ್ನು ಹೇಳುವನು; ಕೌರವನೂ ಅಷ್ಟೇ ಬಲವಾಗಿ ತನ್ನದನ್ನು ಹೇಳುವನು. ಇಂದು ಕೃಷ್ಣನಾದ ಅರ್ಥಧಾರಿಯೇ ನಾಳೆ ಕೌರವನಾಗುವುದುಂಟು. ಸಭೆಯವರು ಅವನನ್ನು ಎರಡು ದಿನವೂ ಪ್ರೀತಿಸುವರು. ಎರಡು ದಿನವೂ ಅವನ ವಾದವನ್ನು ತೂಗಿ ನೋಡುವರು. ಆಡುವವನ ಮೇಲೆ ಎಷ್ಟು ಪ್ರೀತಿಯಿದ್ದರೂ ಆಡಿದ ಮಾತನ್ನು ಪರೀಕ್ಷಿಸಬಹುದು, ಪರೀಕ್ಷಿಸಿದರೆ ಪ್ರೀತಿಗೆ ಕುಂದಿಲ್ಲ ಎಂಬುದನ್ನು ಅಕ್ಷರ ಬಾರದವರೂ ಅಲ್ಲಿ ಕಲಿತರು. ಚಾವಡಿಯಲ್ಲಿ ಕಲಿತ ಆ ಪಾಠವು ಮನೆಯೊಳಗಿನ ಮೊಬೈಲಿನ ಮುಂದೆ ಮರೆತುಹೋಗಲು ಕಾರಣವಿಲ್ಲ.

ಮನೆಗಳಲ್ಲಿ ಒಂದು ಅಡ್ಡಿಯುಂಟು. ಹಿರಿಯರನ್ನು ಪ್ರಶ್ನಿಸುವುದು ಅವಿನಯವೆಂದು ಕಿರಿಯರು ಸುಮ್ಮನಿರುವರು. ಕೆಲವರು ಸುಮ್ಮನಿರಲಾರದೆ ಹಾಸ್ಯಮಾಡಿ ನೋಯಿಸುವರು. ಎರಡೂ ಬೇಡ. "ಮಾವ, ಇದನ್ನು ಕಣ್ಣಾರೆ ಕಂಡವರು ಯಾರು?" ಎಂದು ಮೆಲ್ಲನೆ ಕೇಳಿದರೆ ಸಾಕು. ಗುರುವಿನ ಮುಂದೆ ಪೂರ್ವಪಕ್ಷವನ್ನೊಡ್ಡುವ ಶಿಷ್ಯನನ್ನು ನಮ್ಮ ಶಾಸ್ತ್ರಪರಂಪರೆಯು ಅವಿನೀತನೆಂದು ಕರೆಯಲಿಲ್ಲ. ಕಂಡವರು ತಿಳಿದುಬಂದರೆ ಅವರನ್ನು ವಿಚಾರಿಸಬಹುದು. ತಿಳಿಯದಿದ್ದರೆ ಆ ಸಂದೇಶವನ್ನು ಅಲ್ಲಿಯೇ ನಿಲ್ಲಿಸಿ, ಮಾವನಿಗೆ ಇನ್ನೊಂದು ಲೋಟ ಕಾಫಿಯನ್ನು ಕೊಡಬಹುದು. ಅವನು ಮನೆಗೆ ಆಪ್ತನಾಗಿಯೇ ಉಳಿಯುವನು. ಆ ಸಂದೇಶಕ್ಕೆ ಮಾತ್ರ ಆ ಹೆಸರು ಸಲ್ಲದು.