ನವಗ್ರಾಮದ ಬಾಗಿಲುಗಳು

ಕಳಸಾಪುರ, 11 ಆಗಸ್ಟ್ 2019, ಭಾನುವಾರ

ನವಿಲುತೀರ್ಥದ ಗೇಟು ತೆರೆದ ಮೇಲೆ ಮಲಪ್ರಭೆ ದಂಡೆ ಮೀರಿದ್ದಾಳೆ. ಕೊಣ್ಣೂರು, ಲಖಮಾಪುರ, ಮೆಣಸಗಿ, ಹೊಳೆಆಲೂರು, ಎಲ್ಲ ಕಡೆ ನೀರು. ಸಂಜೆ ಅಕ್ಕನ ಫೋನ್ ಸಿಕ್ಕಿತು. "ನವಗ್ರಾಮದ ಮನ್ಯಾಗ ಅದೀವಿ ತಮ್ಮಾ. ಬಾಗಲಾ ಇಲ್ಲ, ಕಿಡಕಿ ಇಲ್ಲ. ಜಾಲಿಕಂಟಿ ಕಡದು ಒಳಗ ಹೊಕ್ಕೀವಿ" ಎಂದಳು. ಜೀವ ಉಳಿದಿದೆ, ಅದು ದೊಡ್ಡದು. ಆದರೆ ಹತ್ತು ವರ್ಷದ ಹಿಂದೆ ಇವರಿಗೆಂದೇ ಕಟ್ಟಿದ ಮನೆಯೊಳಗೆ ಕಂಟಿ ಕಡಿದು ಹೋಗಬೇಕಾಯಿತಲ್ಲ ಎಂದು ರಾತ್ರಿಯೆಲ್ಲ ಸಂಕಟ.

25 ಆಗಸ್ಟ್, ಭಾನುವಾರ

ಅಕ್ಕನಲ್ಲಿಗೆ ಹೋಗಿಬಂದೆ. 2009ರ ಸೆಪ್ಟೆಂಬರ್ ಕೊನೆಯಲ್ಲಿ ಸುರಿದ ಮಳೆ, ಅದರ ಹಿಂದೆ ಬಂದ ನೆರೆ ಉತ್ತರ ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಜೀವ ತೆಗೆದಾಗ ಸರ್ಕಾರ 'ಆಸರೆ' ಯೋಜನೆ ತಂದಿತು. ದಾನಿಗಳು ಕೈಜೋಡಿಸಿದರು. ನದಿಯಿಂದ ದೂರ ಎತ್ತರದ ಜಾಗ ನೋಡಿ ಸಾಲು ಸಾಲು ಮನೆ ಎದ್ದವು. ಎಷ್ಟೋ ಕಡೆ ಜನ ಹೋಗಲೇ ಇಲ್ಲ. ಕೊಟ್ಟರೂ ಹೋಗದ ಮಂದಿ ಎಂದು ಆಗ ಪೇಟೆಯವರು ಆಡಿಕೊಂಡಿದ್ದು ನನಗೆ ನೆನಪಿದೆ. ಅವರು ಒಂದು ದಿನ ಇಲ್ಲಿ ಬಂದು ಕೂತು ಅಕ್ಕನ ಮಾತು ಕೇಳಬೇಕಿತ್ತು.

"ಅಣ್ಣತಮ್ಮರು ನಾಕು ಮಂದಿ, ಬಂದದ್ದು ಒಂದ ಮನಿ. ಎತ್ತು, ಎಮ್ಮಿ ಎಲ್ಲಿ ಕಟ್ಟೂದು? ಹೊಟ್ಟು ಮೇವು ಎಲ್ಲಿ ಒಟ್ಟೂದು? ಬೆಳಗಾಮುಂಜಾನೆ ಬುತ್ತಿ ಕಟ್ಟಿಕೊಂಡು ಹೊಲಕ್ಕ ಹೋದ್ರ ದಾರ್ಯಾಗ ಬಿಸಲು ಏರತಿತ್ತು. ನೀರಿಗಂತೂ ಕೇಳಬ್ಯಾಡ."

ಗೋಡೆಗಳನ್ನು ನೋಡಿದೆ. ಮೂಲೆಯಿಂದ ಮೂಲೆಗೆ ಬಿರುಕು. ಇದು ಎರಿ ನೆಲ. ಬೇಸಿಗೆಯಲ್ಲಿ ಅಂಗೈ ಹೋಗುವಷ್ಟು ಬಿರಿಯುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ಗರಸು ಸಿಗುವ ತನಕ ಬುನಾದಿ ತೋಡದಿದ್ದರೆ ನೆಲ ಗೋಡೆಯನ್ನು ಎತ್ತಿ ಹಾಕುತ್ತದೆ. ಇಲ್ಲಿಯ ಯಾವ ಗೌಂಡಿಯನ್ನು ಕೇಳಿದ್ದರೂ ಹೇಳುತ್ತಿದ್ದ. ಬಾಗಿಲ ಚೌಕಟ್ಟುಗಳನ್ನು ಯಾರೋ ಕಿತ್ತೊಯ್ದಿದ್ದಾರೆ. ಆಳಿಲ್ಲದ ಮನೆ ಎಷ್ಟು ದಿನ ನಿಂತೀತು?

1 ಸೆಪ್ಟೆಂಬರ್

ಬಾಗಲಕೋಟೆಯ ನವನಗರ ನೆನಪಾಯಿತು. ಆಲಮಟ್ಟಿ ಹಿನ್ನೀರಿಗಾಗಿ ಅಲ್ಲಿಯ ಜನರೂ ಮನೆ ಬಿಟ್ಟರು, ಅವರ ಕಣ್ಣೀರೂ ಕಡಿಮೆಯದಲ್ಲ. ಆದರೆ 1997ರಲ್ಲಿ ಬಾಗಲಕೋಟೆ ಜಿಲ್ಲೆಯಾಯಿತು, ಜಿಲ್ಲಾ ಕಚೇರಿಗಳು ನವನಗರಕ್ಕೇ ಬಂದವು. ಕೆಲಸ ಬಂದಲ್ಲಿಗೆ ಜನ ಬಂದರು. ವ್ಯಾಪಾರ ಹಳೆಯ ಪೇಟೆಯಲ್ಲಿದ್ದವರು ಈಗಲೂ ಅದನ್ನೇ ಹಿಡಿದು ಕೂತಿದ್ದಾರೆ. 1993ರ ಭೂಕಂಪದ ನಂತರ ಲಾತೂರ ಸೀಮೆಯಲ್ಲಿ 52 ಊರುಗಳನ್ನು ಪೂರ್ತಿ ಬೇರೆಡೆ ಕಟ್ಟಿದರು. ಪಟ್ಟಣದ ಹಾಗೆ ಅಗಲ ರಸ್ತೆ, ಸರಳರೇಖೆಯ ಓಣಿ. ಕಟ್ಟೆಗೆ ಕಟ್ಟೆ ತಾಗಿ ಬದುಕಿದ್ದ ನೆರೆಹೊರೆ ಅಲ್ಲಿ ಚದುರಿಹೋಯಿತು. ಜಾಗ ಅಂದರೆ ಬರೀ ಸರ್ವೆ ನಂಬರಲ್ಲ. ಹೊಲ ಎಷ್ಟು ದೂರ, ನೀರು ಎಲ್ಲಿ, ಕೂಗಿದರೆ ಯಾರಿಗೆ ಕೇಳುತ್ತದೆ, ಎಲ್ಲ ಅದರಲ್ಲೇ ಬಂತು.

8 ಸೆಪ್ಟೆಂಬರ್

ಅಕ್ಕನ ಮಗ ಬಂದಿದ್ದ. ಹೊಳೆಯ ಸಹವಾಸ ಸಾಕು, ನಿಮ್ಮ ಕಡೆ ಒಂದು ಪ್ಲಾಟ್ ತಗೋತೀನಿ ಮಾಮಾ ಎಂದ. ಗದಗಿನ ಕಡೆ ಒಂದು ಲೇಔಟ್ ತೋರಿಸಿದ್ದಾರಂತೆ. ಇಬ್ಬರೂ ಹೋದೆವು. ಚೆಂದದ ಕಮಾನು, ಬಣ್ಣ ಮಾಸಿದ ಫಲಕ, ಹುಲ್ಲಿನಲ್ಲಿ ಮುಳುಗಿದ ಗಡಿಕಲ್ಲು. ಮಾರಿ ವರ್ಷಗಳಾದರೂ ಒಬ್ಬರೂ ಮನೆ ಕಟ್ಟಿಲ್ಲ. ನಳ ಇಲ್ಲ, ಗಟಾರಿಲ್ಲ, ಬಸ್ಸಿಲ್ಲ. ಗದಗ-ಬೆಟಗೇರಿಗೆ ಹಮ್ಮಿಗಿ ಬ್ಯಾರೇಜಿನಿಂದ ತುಂಗಭದ್ರೆಯ ನೀರು ಬರಬೇಕು. ಬೇಸಿಗೆಯಲ್ಲಿ ಊರೊಳಗಿನವರೇ ಬ್ಯಾರಲ್ ತುಂಬಿಟ್ಟು ದಿನ ಎಣಿಸುತ್ತಾರೆ, ಇಲ್ಲಿಗೆ ಯಾರು ಪೈಪು ಎಳೆಯುತ್ತಾರೆ?

ಉತಾರ ತೆಗೆಸು, ಎನ್‌ಎ (ಕೃಷಿಯೇತರ) ಆದೇಶ ನೋಡು, ನಕಾಶೆ ಮಂಜೂರಾಗಿದೆಯೋ ಕೇಳು ಎಂದೆ. "ದರ ಕಡಿಮಿ ಐತಲ್ಲ ಮಾಮಾ" ಎಂದ. ದರ ಯಾಕೆ ಕಡಿಮೆ ಎಂಬುದಕ್ಕೆ ಆ ಬಯಲೇ ಉತ್ತರ ಹೇಳುತ್ತಿತ್ತು. ಸಂಚಕಾರ ಕೊಡದೆ ಹಿಂದಿರುಗಿದ.

15 ಸೆಪ್ಟೆಂಬರ್

ಈ ನೆರೆಯಲ್ಲಿ ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಕೊಡುವುದಾಗಿ ಹೇಳಿದೆ. ಮತ್ತೆ ಊರು ಬದಲಿಸುವ ಮಾತೂ ಎದ್ದಿದೆ. ಅಕ್ಕನ ಊರಿನವರ ಪರವಾಗಿ ಒಂದು ಅರ್ಜಿ ಬರೆದೆ. ಜಾಗ ಗೊತ್ತುಮಾಡುವ ಮೊದಲು ಊರ ಹೆಣ್ಣುಮಕ್ಕಳನ್ನೂ ದನ ಕಾಯುವವರನ್ನೂ ಕರೆದುಕೊಂಡು ಹೋಗಿ ತೋರಿಸಬೇಕು. ಎರಿ ನೆಲವಾದರೆ ಗರಸಿನ ತನಕ ಬುನಾದಿ ತೆಗೆಯಬೇಕು. ಒಟ್ಟು ಕುಟುಂಬದಲ್ಲಿ ಎಷ್ಟು ಒಲೆಗಳಿವೆ ಎಣಿಸಿ ಅಷ್ಟು ಮನೆ, ಮನೆಗೊಂದು ದನದ ಕೊಟ್ಟಿಗೆಯ ಜಾಗ ಕೊಡಬೇಕು. ನೀರು ಬಂದ ಮೇಲೆಯೇ ಕೀಲಿಕೈ ಹಂಚಬೇಕು. ಸಹಿ ಹಾಕಿಸಲು ಅಕ್ಕನೇ ಮನೆಮನೆಗೆ ಹೋಗುತ್ತಾಳಂತೆ.